78 ಎಲೆ, ಒಂದು ಪ್ರಶ್ನೆ

ಟ್ಯಾರೋ ಎಂದರೆ 78 ಚಿತ್ರದೆಲೆಗಳ ಒಂದು ಕಟ್ಟು. ಅದರಲ್ಲಿ 56 ಎಲೆಗಳು ಇಸ್ಪೀಟಿನ ಹತ್ತಿರದ ನೆಂಟರು. ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಪಂಗಡ. ಪ್ರತಿ ಪಂಗಡದಲ್ಲಿ ಎಕ್ಕದಿಂದ ಹತ್ತರವರೆಗಿನ ಅಂಕೆಯೆಲೆಗಳು, ಅವುಗಳ ಮೇಲೆ ಸೇವಕ, ಸವಾರ, ರಾಣಿ, ರಾಜ. ಉಳಿದ 22 ಹಿರಿಯ ಎಲೆಗಳು ಟ್ಯಾರೋಗೇ ವಿಶಿಷ್ಟವಾದವು: ಮರುಳ, ಮಾಯಗಾರ, ವಿರಕ್ತ, ಅದೃಷ್ಟಚಕ್ರ, ಸಾವು, ಗೋಪುರ, ನಕ್ಷತ್ರ, ಸೂರ್ಯ ಹೀಗೆ. ಪ್ರಶ್ನೆ ಹೊತ್ತು ಬಂದವರ ಮುಂದೆ ಈ ಎಲೆಗಳನ್ನು ಹರಡಿ, ಚಿತ್ರಗಳ ಮೂಲಕ ಆ ಪ್ರಶ್ನೆಯನ್ನು ಮಾತಾಡಿಸುವುದಕ್ಕೆ ಟ್ಯಾರೋ ರೀಡಿಂಗ್ ಎಂದು ಹೆಸರು. ಬೆಂಗಳೂರಿನಲ್ಲಿ ಈಗ ಟ್ಯಾರೋ ಓದುವವರ ಫಲಕಗಳು ಕಾಣಸಿಗುತ್ತವೆ; ಮೊಬೈಲ್ ಆ್ಯಪ್‌ಗಳಲ್ಲಿ ನಿಮಿಷಕ್ಕಿಷ್ಟು ಎಂಬ ಲೆಕ್ಕದಲ್ಲಿ ಓದುವವರೂ ಇದ್ದಾರೆ. ಎಲೆಗಳ ಅರ್ಥವನ್ನು ಯಾವ ಪುಸ್ತಕದಿಂದಲಾದರೂ ಬಾಯಿಪಾಠ ಮಾಡಬಹುದು. ನೊಂದ ಮನುಷ್ಯರೊಬ್ಬರು ಎದುರಿಗೆ ಕೂತಾಗ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ಅಷ್ಟು ಸುಲಭಕ್ಕೆ ಬರುವುದಿಲ್ಲ. ಈ ವಿದ್ಯೆಯ ಕಷ್ಟವೆಲ್ಲ ಅಲ್ಲೇ ಇದೆ.

ಕಟ್ಟಿನ ಜೊತೆಗೆ ಒಂದು ಕಟ್ಟುಕಥೆಯೂ ಮಾರಾಟವಾಗುತ್ತದೆ: ಟ್ಯಾರೋ ಈಜಿಪ್ಟಿನ ಪುರೋಹಿತರ ಗುಪ್ತವಿದ್ಯೆಯಂತೆ. ನಿಜವಾಗಿ ಅದು 15ನೇ ಶತಮಾನದ ಉತ್ತರ ಇಟಲಿಯಲ್ಲಿ ಹುಟ್ಟಿದ ಎಲೆಯಾಟ. ಮಿಲಾನಿನ ದೊರೆಗಳಿಗಾಗಿ ಚಿನ್ನದ ರೇಕು ಬಳಸಿ ಕೈಯಲ್ಲೇ ಚಿತ್ರಿಸಿದ ವಿಸ್ಕೊಂಟಿ-ಸ್ಫೋರ್ಜಾ ಎಲೆಗಳು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯ, ಇಟಲಿಯ ಬೆರ್ಗಾಮೊ ಮುಂತಾದೆಡೆ ಹಂಚಿಹೋಗಿ ಉಳಿದಿವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಗಂಜೀಫಾ ಎಲೆಗಳನ್ನು ಕಂಡವರಿಗೆ ಇವೂ ಎಂಥವೆಂದು ತಟ್ಟನೆ ತಿಳಿಯುತ್ತದೆ: ಅರಮನೆಯ ಬಿಡುವಿನ ವೇಳೆಗೆ ಚಿತ್ರಕಾರರು ಮಾಡಿಕೊಟ್ಟ ಆಟದ ವಸ್ತು. ಫ್ರಾನ್ಸಿನಲ್ಲಿ ಟ್ಯಾರೋ ಈಗಲೂ ಜನ ಮೇಜಿನ ಸುತ್ತ ಕೂತು ಆಡುವ ಆಟವೇ. 1781ರಲ್ಲಿ ಕೂರ್ ದ ಜೆಬ್ಲಾ ಎಂಬ ಫ್ರೆಂಚ್ ಪಂಡಿತ ಈ ಚಿತ್ರಗಳಲ್ಲಿ ಪ್ರಾಚೀನ ಈಜಿಪ್ಟಿನ ಗ್ರಂಥವೊಂದು ಅಡಗಿದೆ ಎಂದು ಬರೆದ. ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಶಾಂಪೊಲಿಯೋನ್ ಎಂಬ ವಿದ್ವಾಂಸ ಬಿಡಿಸಿದ್ದು 1822ರಲ್ಲಿ. ಅಂದರೆ ಜೆಬ್ಲಾ ತನ್ನ ಮಾತನ್ನು ಈಜಿಪ್ಟಿನ ಯಾವ ಗ್ರಂಥದ ಜೊತೆಗೂ ಹೋಲಿಸಿ ನೋಡುವಂತಿರಲಿಲ್ಲ. ಅವನ ಬೆನ್ನಿಗೇ ಪ್ಯಾರಿಸ್ಸಿನ ಆಲಿಯೆಟ್ ಎಂಬಾತ ತನ್ನ ಹೆಸರನ್ನು ತಿರುಗುಮುರುಗಾಗಿಸಿ ಎಟೇಯಾ ಎಂದು ಕರೆದುಕೊಂಡು, ಟ್ಯಾರೋ ಎಲೆಯಿಂದ ಭವಿಷ್ಯ ಹೇಳುವ ಪುಸ್ತಕ ಅಚ್ಚು ಹಾಕಿಸಿದ. ಆಟದೆಲೆ ಕಣಿಯ ಎಲೆಯಾದದ್ದು ಹೀಗೆ. ಈ ಚರಿತ್ರೆಯನ್ನು ಮುಚ್ಚಿಟ್ಟು ಪಿರಮಿಡ್ಡಿನ ಮಾತಾಡುವವರು ಮೊದಲ ಸುಳ್ಳನ್ನು ಎಲೆ ತೆಗೆಯುವ ಮುಂಚೆಯೇ ಹೇಳಿಬಿಟ್ಟಿರುತ್ತಾರೆ.

ಇಂದು ಹೆಚ್ಚು ಬಳಕೆಯಲ್ಲಿರುವ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದದ್ದು. ಅದರ ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಎಂಬ ಲೇಖಕನದು, ಪ್ರಕಟಣೆ ರೈಡರ್ ಸಂಸ್ಥೆಯದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆಯವು. ಬಹಳ ಕಾಲ ಈ ಕಟ್ಟು ಪ್ರಕಾಶಕರ ಮತ್ತು ಲೇಖಕನ ಹೆಸರಿನಲ್ಲಿ 'ರೈಡರ್-ವೇಟ್' ಎಂದೇ ನಡೆಯಿತು; ಬರೆದ ಕೈಯ ಹೆಸರು ಎಲೆಯ ಮೂಲೆಯ ಪುಟ್ಟ ಗುರುತಾಗಿ ಉಳಿಯಿತು. ಆಕೆ ಮಾಡಿದ ಕೆಲಸ ದೊಡ್ಡದು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಕಟ್ಟುಗಳಲ್ಲಿ ಬಟ್ಟಲಿನ ಐದು ಎಂದರೆ ಸಾಮಾನ್ಯವಾಗಿ ಐದು ಬಟ್ಟಲುಗಳ ಚಿತ್ರ, ಅಷ್ಟೆ. ಸ್ಮಿತ್ ಅಂಕೆಯೆಲೆಗಳಿಗೂ ಮನುಷ್ಯರನ್ನು, ಮಳೆ ಮೋಡ ಹೊಳೆ ಸೇತುವೆಗಳನ್ನು ತಂದರು. ಓದುವ ವಿಧಾನವೇ ಇದರಿಂದ ಬದಲಾಯಿತು: ಪಟ್ಟಿಯಿಂದ ಅರ್ಥ ಒಪ್ಪಿಸುವ ಬದಲು, ಇಬ್ಬರೂ ಕೂಡಿ ಒಂದು ಚಿತ್ರವನ್ನು ನೋಡುವುದು ಸಾಧ್ಯವಾಯಿತು.

ಅದೇ ಬಟ್ಟಲಿನ ಐದನ್ನು ನೋಡಬಹುದು. ಕಪ್ಪು ನಿಲುವಂಗಿ ಹೊದ್ದ ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ಎದುರಿಗೆ ಮೂರು ಬಟ್ಟಲು ಉರುಳಿ ಚೆಲ್ಲಿಹೋಗಿವೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ಆಚೆ ಹೊಳೆ, ಹೊಳೆಗೊಂದು ಸೇತುವೆ, ದಡದಲ್ಲಿ ಮನೆ. ಹೊಸಬರು ಇದನ್ನು ಕಂಡ ಕೂಡಲೆ 'ನಷ್ಟ, ದುಃಖ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಪಳಗಿದವರು ಎಲೆಯನ್ನು ಎದುರಿನವರ ಕಡೆಗೆ ತಿರುಗಿಸಿ, 'ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?' ಎಂದು ಕೇಳಿ ಸುಮ್ಮನಾಗುತ್ತಾರೆ. ಒಬ್ಬರು ಚೆಲ್ಲಿದ್ದನ್ನು ತೋರಿಸುತ್ತಾರೆ, ಇನ್ನೊಬ್ಬರು ಸೇತುವೆಯನ್ನು, ಮತ್ತೊಬ್ಬರು 'ಅವರಿಗೆ ಹಿಂದಿರುವ ಎರಡು ಬಟ್ಟಲು ಕಾಣುತ್ತಿಲ್ಲ' ಎನ್ನುತ್ತಾರೆ. ಅಲ್ಲಿಂದ ಮಾತು ಹುಟ್ಟುತ್ತದೆ. ಆ ಸುಮ್ಮನಿರುವ ಅರೆ ನಿಮಿಷವನ್ನು ತುಂಬಿಸಲು ಹೋಗದಿರುವುದು ಕಲಿಯಬೇಕಾದ ಮೊದಲ ಕೌಶಲ.

ಎಲೆಗಳನ್ನು ಹರಡುವ ಕ್ರಮಗಳು ಹಲವಿವೆ. ಸರಳವಾದದ್ದು ಮೂರೆಲೆಯದು: ಹಿಂದಿನದು, ಈಗಿನದು, ಮುಂದಿನದು. ವೇಟ್ ತನ್ನ ಪುಸ್ತಕದಲ್ಲಿ ಕೊಟ್ಟ ಹತ್ತೆಲೆಯ ಕೆಲ್ಟಿಕ್ ಕ್ರಾಸ್ ಹೆಚ್ಚು ಪ್ರಸಿದ್ಧ. ಅದರಲ್ಲಿ ಅಡ್ಡ ಬಂದದ್ದಕ್ಕೆ, ಬುಡದಲ್ಲಿರುವುದಕ್ಕೆ, ಸುತ್ತಲಿನವರಿಗೆ, ಆಸೆ ಮತ್ತು ಭಯಕ್ಕೆ ಒಂದೊಂದು ಜಾಗವಿದೆ. ತಲೆಕೆಳಗಾಗಿ ಬಂದ ಎಲೆಗೆ ಬೇರೆ ಅರ್ಥ ಹೇಳುವವರಿದ್ದಾರೆ, ತಿರುಗಿಸಿಟ್ಟು ಓದುವವರೂ ಇದ್ದಾರೆ. ಎರಡೂ ನಡೆಯುತ್ತವೆ; ಆದರೆ ಎಲೆ ಕಲೆಸುವ ಮುಂಚೆ ಯಾವುದೆಂದು ನಿಶ್ಚಯವಾಗಿರಬೇಕು, ಬಂದ ಎಲೆ ನೋಡಿ ನಿಯಮ ಬದಲಿಸಬಾರದು. ಹೊಸಬರಿಗೆ ಮೂರೆಲೆ ಸಾಕು. ಹತ್ತೆಲೆ ಹರಡಿ ಪ್ರತಿಯೊಂದಕ್ಕೂ ಎರಡು ವಾಕ್ಯ ಒಪ್ಪಿಸುವುದಕ್ಕಿಂತ ಮೂರನ್ನು ಅರ್ಧ ಗಂಟೆ ನೋಡುವುದರಲ್ಲಿ ಹೆಚ್ಚು ಸಾರವಿದೆ.

ಆದರೆ ಎಲೆ ಮುಟ್ಟುವ ಮೊದಲು ಪ್ರಶ್ನೆ ಸರಿಹೋಗಬೇಕು. ಗಿಳಿಶಾಸ್ತ್ರದಲ್ಲಿ ಗಿಳಿ ಎಲೆ ಎತ್ತುತ್ತದೆ, ಶಾಸ್ತ್ರದವರು ಓದುತ್ತಾರೆ, ಅಲ್ಲಿಗೆ ಮುಗಿಯಿತು. ಒಳ್ಳೆಯ ಟ್ಯಾರೋ ಓದಿನಲ್ಲಿ ಅರ್ಧ ಕೆಲಸ ಪ್ರಶ್ನೆಯನ್ನು ತಿದ್ದುವುದರಲ್ಲೇ ನಡೆಯುತ್ತದೆ. 'ನನಗೆ ಆ ಕೆಲಸ ಸಿಗುತ್ತದಾ?' ಎಂಬುದಕ್ಕೆ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ, ಎರಡನ್ನೂ ಹೇಳುವ ಅಧಿಕಾರ ಎಲೆಗಿಲ್ಲ. 'ಆ ಕೆಲಸಕ್ಕೆ ಹೋಗಲು ನನ್ನನ್ನು ತಡೆಯುತ್ತಿರುವುದೇನು?' ಎಂದು ಅದನ್ನೇ ತಿರುಗಿಸಿದರೆ ಕೇಳಿದವರಿಗೆ ಹೇಳಲು ಏನಾದರೂ ಇರುತ್ತದೆ. ಬಿಟ್ಟುಹೋದವರು ಮರಳಿ ಬರುತ್ತಾರಾ ಎಂದು ಕೇಳುವವರು ಬಹಳ. 'ಬರುತ್ತಾರೆ' ಎಂಬ ಒಂದು ಮಾತಿಗೆ ವರ್ಷಗಟ್ಟಲೆ ಕಾಯುವವರು ಇರುವುದರಿಂದ, ಕಾಯುತ್ತಿರುವವರ ಇಂದಿನ ದಿನ ಹೇಗೆ ಸಾಗುತ್ತಿದೆ ಎಂಬ ಕಡೆಗೆ ಪ್ರಶ್ನೆಯನ್ನು ತಿರುಗಿಸುವುದೇ ದಯೆ.

ಎದುರಿಗೆ ಇಲ್ಲದವರ ಬಗ್ಗೆ ಕೇಳುವ ಪ್ರಶ್ನೆ ಇನ್ನೂ ಸೂಕ್ಷ್ಮ. ತಾಯಿಯೊಬ್ಬರು ಬಂದು 'ಮಗಳ ಮದುವೆ ಯಾವಾಗ? ಆ ಹುಡುಗನನ್ನು ಬಿಡುತ್ತಾಳಾ?' ಎಂದು ಕೇಳಿದರೆ, ಮಗಳು ಅಲ್ಲಿಲ್ಲ, ಒಪ್ಪಿಗೆಯನ್ನೂ ಕೊಟ್ಟಿಲ್ಲ. ಅವಳ ಮನಸ್ಸಿನಲ್ಲಿ ಇಂಥದ್ದಿದೆ ಎಂದು ಎಲೆ ತೋರಿಸಿ ಹೇಳಿದ ಮಾತು ಅಂದು ಸಂಜೆ ಆ ಮನೆಯಲ್ಲಿ ಸಾಕ್ಷಿಯಾಗಿ ಬಳಕೆಯಾಗುತ್ತದೆ. ಗಂಡನ ನಡತೆ, ಸೊಸೆಯ ಉದ್ದೇಶ, ಪಾಲುದಾರನ ನಿಯತ್ತು ಎಲ್ಲಕ್ಕೂ ಇದೇ ಮಾತು. ಎದುರಿಗೆ ಕೂತವರ ಕಳವಳವನ್ನು ಓದಬಹುದು: 'ಮಗಳ ವಿಷಯದಲ್ಲಿ ನಿಮಗೆ ಯಾವುದು ಭಯ ತಂದಿದೆ, ಅದನ್ನು ನೋಡೋಣವೇ ಅಮ್ಮಾ?' ಎಂದರೆ ಬಹುತೇಕ ತಾಯಂದಿರು ಒಪ್ಪುತ್ತಾರೆ.

ಓದು ತಮಗೇ ಸರಿಯಾಗಿ ಹೊಂದಿತೆಂದು ಕೇಳಿದವರಿಗೆ ಅನಿಸುವುದೇಕೆ ಎಂಬುದಕ್ಕೆ ಮನಃಶಾಸ್ತ್ರದಲ್ಲಿ ಉತ್ತರವಿದೆ, ಅದನ್ನು ತಿಳಿಯದೆ ಈ ಕೆಲಸಕ್ಕೆ ಇಳಿಯಬಾರದು. ಅಮೆರಿಕದ ಬರ್ಟ್ರಮ್ ಫೋರರ್ 1949ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 39 ವಿದ್ಯಾರ್ಥಿಗಳಿಗೆ ಅವರವರ ವ್ಯಕ್ತಿತ್ವದ ವರದಿ ಎಂದು ಒಂದೊಂದು ಹಾಳೆ ಕೊಡಲಾಯಿತು. ನಿಖರತೆಗೆ ಅವರು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಎಲ್ಲರಿಗೂ ಸಿಕ್ಕಿದ್ದು ಒಂದೇ ಬರಹ. ಅದರ ವಾಕ್ಯಗಳನ್ನು ಹೆಚ್ಚಾಗಿ ಅಂಗಡಿಯಲ್ಲಿ ಮಾರುವ ಜ್ಯೋತಿಷದ ಪುಸ್ತಕದಿಂದ ಎತ್ತಿಕೊಳ್ಳಲಾಗಿತ್ತು. ರೇ ಹೈಮನ್ ಎಂಬ ಮನಃಶಾಸ್ತ್ರಜ್ಞನ ಅನುಭವ ಇದಕ್ಕಿಂತ ತೀಕ್ಷ್ಣವಾದದ್ದು. ಎಳೆಯ ವಯಸ್ಸಿನಲ್ಲಿ ಆತ ಹಸ್ತರೇಖೆ ನೋಡುತ್ತಿದ್ದ, ಅದನ್ನು ನಂಬುತ್ತಲೂ ಇದ್ದ. ಹಿರಿಯ ಪ್ರದರ್ಶಕನೊಬ್ಬ ಹೇಳಿಕೊಟ್ಟಂತೆ, ರೇಖೆ ಹೇಳುವುದಕ್ಕೆ ನೇರ ವಿರುದ್ಧವಾದದ್ದನ್ನು ಹೇಳಿ ನೋಡಿದ. ಜನ ಅಷ್ಟೇ ಬೆರಗಾದರು. ಎಲ್ಲರಿಗೂ ಹೊಂದುವ ಮಾತನ್ನು ತಮಗೆಂದೇ ಹೇಳಿದ್ದೆಂದು ಕೇಳಿಸಿಕೊಳ್ಳುವುದು ಮನುಷ್ಯಸಹಜ. ಉಡುಪು, ಉಂಗುರ, ಮುಖಭಾವ, ತಡವರಿಸಿದ ಮಾತುಗಳಿಂದ ಸುಳಿವು ಹಿಡಿದು, ಅದು ಎಲೆಯಲ್ಲಿ ಕಂಡಂತೆ ಹೇಳುವುದಕ್ಕೆ ಕೋಲ್ಡ್ ರೀಡಿಂಗ್ ಎನ್ನುತ್ತಾರೆ.

ಎದುರಿನವರನ್ನು ಗಮನವಿಟ್ಟು ನೋಡುವುದು ತಪ್ಪಲ್ಲ. ವೈದ್ಯರೂ ಮೇಷ್ಟ್ರೂ ಅದನ್ನು ಮಾಡುತ್ತಾರೆ. ನೋಡಿ ತಿಳಿದದ್ದನ್ನು ದೈವದ ಖಾತೆಗೆ ಹಾಕುವುದು ತಪ್ಪು. ಪ್ರಾಮಾಣಿಕರು 'ನೀವು ತಮ್ಮನ ಹೆಸರು ಹೇಳುವಾಗ ದನಿ ಕುಗ್ಗಿತು, ಅದಕ್ಕೇ ಕೇಳಿದೆ' ಎನ್ನುತ್ತಾರೆ. ಅಷ್ಟರಿಂದ ಅವರ ಗೌರವ ಕಡಿಮೆಯಾಗುವುದಿಲ್ಲ. ಮೊದಲಲ್ಲೇ ಎರಡು ಮಾತು ಸ್ಪಷ್ಟವಾಗಬೇಕು: ಎಲೆಗಳಿಗೆ ಮುಂದಾಗುವುದು ತಿಳಿಯದು, ಇಲ್ಲಿ ಕೇಳಿದ್ದರಲ್ಲಿ ಸರಿಯೆನಿಸದ್ದನ್ನು ಬಿಟ್ಟುಬಿಡುವ ಹಕ್ಕು ಬಂದವರದು.

ಹೆದರಿಸುವ ಎಲೆಗಳ ವಿಷಯ ಬೇರೆಯೇ. ಸ್ಮಿತ್ ಬರೆದ ಸಾವಿನ ಎಲೆಯಲ್ಲಿ ಕವಚ ತೊಟ್ಟ ಅಸ್ಥಿಪಂಜರ ಬಿಳಿ ಕುದುರೆಯ ಮೇಲೆ ಬರುತ್ತದೆ. ರಾಜ ನೆಲಕ್ಕೊರಗಿದ್ದಾನೆ, ಮಗುವೊಂದು ಮೊಣಕಾಲೂರಿ ನೋಡುತ್ತಿದೆ, ದೂರದ ಎರಡು ಕಂಬಗೋಪುರಗಳ ನಡುವೆ ಸೂರ್ಯನಿದ್ದಾನೆ. ಟ್ಯಾರೋ ಸಂಪ್ರದಾಯದಲ್ಲಿ ಇದು ಒಂದು ಘಟ್ಟದ ಕೊನೆ, ಇನ್ನೊಂದಕ್ಕೆ ದಾಟು. ಆಸ್ಪತ್ರೆಯಲ್ಲಿ ಅಪ್ಪನನ್ನು ಬಿಟ್ಟು ಬಂದವರಿಗೆ ಅದು ಹಾಗೆ ಕಾಣುವುದಿಲ್ಲ. ಇಲ್ಲಿ ಸರಳ ಲೆಕ್ಕವೊಂದು ನೆರವಿಗೆ ಬರುತ್ತದೆ. 78ರಲ್ಲಿ ಹತ್ತು ಎಲೆ ತೆಗೆದರೆ ಸಾವಿನ ಎಲೆ ಬರುವ ಸಂಭವ ಸುಮಾರು ಎಂಟರಲ್ಲಿ ಒಂದು. ಸಾವು, ಗೋಪುರ, ಸೈತಾನ ಈ ಮೂರರಲ್ಲಿ ಒಂದಾದರೂ ಬರುವ ಸಂಭವ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಎಂದ ಮೇಲೆ ಅದು ಬಂತೆಂದು ಗಾಬರಿಪಡಿಸುವುದಕ್ಕೆ ಆಧಾರವೇ ಇಲ್ಲ. ಈ ಲೆಕ್ಕವನ್ನು ಎದುರಿನವರಿಗೆ ಹೇಳಿಬಿಡುವುದು ಉತ್ತಮ. ಹಾಗೆಂದು ಕೆಟ್ಟ ಎಲೆಯನ್ನು ಸಕ್ಕರೆ ಬೆರೆಸಿ ಸಿಹಿ ಮಾಡುವುದೂ ಸಲ್ಲದು. ಹೃದಯಕ್ಕೆ ಮೂರು ಕತ್ತಿ ನಾಟಿ ಮಳೆ ಸುರಿಯುತ್ತಿರುವ ಎಲೆ ಮುಂದಿದ್ದಾಗ 'ಎಲ್ಲ ಒಳ್ಳೆಯದಾಗುತ್ತೆ' ಎಂದರೆ ಅವರ ನೋವನ್ನು ಕೇಳಲು ನಿರಾಕರಿಸಿದಂತೆ.

ಕೆಲವು ಪ್ರಶ್ನೆಗಳಿಗೆ ಎಲೆ ತೆಗೆಯಲೇಬಾರದು. ಕಾಯಿಲೆ ಯಾವುದು, ಗರ್ಭ ನಿಲ್ಲುತ್ತದೆಯೇ, ಯಾರ ಆಯುಷ್ಯ ಎಷ್ಟು, ಕೋರ್ಟಿನ ತೀರ್ಪೇನು, ಯಾವ ಷೇರು ಕೊಳ್ಳಬೇಕು: ಇವಕ್ಕೆ ವೈದ್ಯರು, ವಕೀಲರು, ಲೆಕ್ಕಪರಿಶೋಧಕರು ಇದ್ದಾರೆ. ಮಾತ್ರೆ ನಿಲ್ಲಿಸಲೇ ಎಂದು ಕೇಳಿದವರಿಗೆ ಟ್ಯಾರೋ ಓದುವವರು ಕೊಡಬಹುದಾದ ಉತ್ತರ ಒಂದೇ: ಡಾಕ್ಟರನ್ನು ಕೇಳಿ. ಸಾಯುವ ಮಾತು ಬಂದರೆ ಎಲೆಗಳನ್ನು ಬದಿಗಿಟ್ಟು, ನೇರವಾಗಿ ಕೇಳಿ, ಒಬ್ಬರನ್ನೇ ಕಳಿಸದೆ, ಸಹಾಯ ಹುಡುಕಿಕೊಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿರುವ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಹೊಡೆತ ಬಡಿತದ ಸುಳಿವು ಕಂಡರೆ ಮಹಿಳಾ ಸಹಾಯವಾಣಿ 181 ಇದೆ. ಈ ಎರಡು ಸಂಖ್ಯೆಗಳು ಓದುವವರ ಮೇಜಿನ ಮೇಲೆ ಬರೆದಿರಬೇಕು. ಆ ಕುರ್ಚಿಯಲ್ಲಿ ಕೂರುವವರಲ್ಲಿ ಹಲವರು ಮನೆಯಲ್ಲಿ ಹೇಳಲಾಗದ್ದನ್ನು ಹೇಳಲು ಬಂದವರು.

ಹಣದ ವಿಷಯದಲ್ಲಿ ಕೆಡುವವರೇ ಹೆಚ್ಚು. ಶುಲ್ಕ ಎಷ್ಟು, ಸಮಯ ಎಷ್ಟು ಎಂಬುದು ಕೂರುವ ಮೊದಲೇ ತಿಳಿಸಿರಬೇಕು. 'ನಿಮ್ಮ ಮೇಲೆ ಯಾರೋ ಮಾಡಿಸಿದ್ದಾರೆ, ತೆಗೆಸಲು ಇಷ್ಟಾಗುತ್ತದೆ' ಎಂಬ ಮಾತು ಬಂದ ಕ್ಷಣ ಅದು ಸುಲಿಗೆ. ಮಂತ್ರ ತಾಯಿತಗಳಿಂದ ಕಾಯಿಲೆ ವಾಸಿಯಾಗುತ್ತದೆಂದು ಜಾಹೀರಾತು ಕೊಡುವುದನ್ನು ಭಾರತದಲ್ಲಿ 1954ರ ಕಾಯ್ದೆಯೇ ನಿರ್ಬಂಧಿಸಿದೆ. ಬ್ರಿಟನ್ನಿನಲ್ಲಿ 2008ರಲ್ಲಿ, ಸತ್ತವರನ್ನು ಮಾತಾಡಿಸುತ್ತೇವೆ ಎನ್ನುವ ವಂಚಕರ ವಿರುದ್ಧದ ಹಳೆಯ ಕಾಯ್ದೆ ರದ್ದಾಗಿ, ಇಂಥ ಸೇವೆಗಳೂ ಸಾಮಾನ್ಯ ಗ್ರಾಹಕ ರಕ್ಷಣೆಯ ನಿಯಮಗಳಡಿ ಬಂದವು. ಕಾನೂನು ಮುಟ್ಟದ ಇನ್ನೊಂದು ಕೇಡಿದೆ: ಅವಲಂಬನೆ. ಒಂದೇ ಪ್ರಶ್ನೆ ಹಿಡಿದು ವಾರಕ್ಕೆ ಮೂರು ಸಲ ಬರುವವರು ಒಳ್ಳೆಯ ಗಿರಾಕಿಯಂತೆ ಕಂಡರೂ, ಅವರಿಗೆ ಎಲೆ ಸಿಗರೇಟಿನಂತಾಗಿದೆ. ಪರಿಸ್ಥಿತಿ ಬದಲಾಗದೆ ಅದೇ ಪ್ರಶ್ನೆಗೆ ಮತ್ತೆ ಎಲೆ ತೆಗೆಯುವುದಿಲ್ಲ ಎಂಬ ನಿಯಮವನ್ನು ಹಲವರು ಇಟ್ಟುಕೊಂಡಿದ್ದಾರೆ. ನಿಮಿಷದ ಲೆಕ್ಕದಲ್ಲಿ ದುಡ್ಡು ಬರುವ ಆ್ಯಪ್‌ಗಳಲ್ಲಿ ಈ ನಿಯಮ ಪಾಲಿಸುವುದು ಕಷ್ಟ, ಏಕೆಂದರೆ ಅಲ್ಲಿ ಕಳವಳ ಉದ್ದವಾದಷ್ಟೂ ಆದಾಯ.

ಕೇಳಿದ್ದು ಹೊರಗೆ ಹೋಗಬಾರದು, ಹೆಸರು ಮರೆಸಿಯೂ ಹೋಗಬಾರದು. ಒಂದೇ ಬಡಾವಣೆಯಲ್ಲಿ ಹೆಸರಿಲ್ಲದ ಕಥೆಗೂ ಹೆಸರು ಹತ್ತುತ್ತದೆ. ಧ್ವನಿ ಮುದ್ರಿಸುವುದಿದ್ದರೆ ಇಬ್ಬರ ಒಪ್ಪಿಗೆ ಬೇಕು. ಓದುವವರು ತಾವೇ ಜಗಳವಾಡಿ ಬಂದ ದಿನ, ಜ್ವರದ ದಿನ, ಆತ್ಮೀಯರೇ ಎದುರು ಕೂತ ದಿನ ಮುಂದಕ್ಕೆ ಹಾಕುವುದು ಲೇಸು. ಮುಗಿಸುವಾಗ, ಬಂದವರು ತಮಗೆ ತಿಳಿದದ್ದೇನೆಂದು ತಮ್ಮ ಮಾತಿನಲ್ಲೇ ಒಮ್ಮೆ ಹೇಳುವಂತೆ ಕೇಳುತ್ತಾರೆ. ತಪ್ಪಾಗಿ ಕೇಳಿಸಿಕೊಂಡ ಭಯವೇನಾದರೂ ಇದ್ದರೆ ಅದು ಬಾಗಿಲು ದಾಟುವ ಮುಂಚೆ ಅಲ್ಲೇ ಹೊರಬೀಳುತ್ತದೆ.

ಕಲಿಯುವವರಿಗೆ ಒಂದು ನೋಟ್‌ಬುಕ್ಕು ಬೇಕು. ಅದರಲ್ಲಿ ದಿನಾಂಕ, ಪ್ರಶ್ನೆಯ ಬಗೆ, ಬಂದ ಎಲೆಗಳು, ತಾವು ಆಡಿದ ಮಾತು. ಬಂದವರ ಹೆಸರು ಬೇಡ. ಮೊದಲ ಕೆಲವು ತಿಂಗಳು ಸ್ನೇಹಿತರಿಗೆ, ದುಡ್ಡಿಲ್ಲದೆ. ಆರು ತಿಂಗಳ ಮೇಲೆ ಹಿಂದಿನ ಪುಟಗಳನ್ನು ತೆರೆದು, ಹೊಂದಿದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವ ಮನಸ್ಸಿನ ಚಾಳಿಗೆ ಬಗ್ಗದೆ, ಹೊಂದದೆ ಹೋದ ಮಾತುಗಳ ಪಕ್ಕ ಕೆಂಪು ಪೆನ್ನಿನಿಂದ ಗುರುತು ಹಾಕಬೇಕು. ಯಾರನ್ನೋ ಮೆಚ್ಚಿಸಲು ಆಡಿದ ಮಾತು ಯಾವುದು, ಗೊತ್ತಿಲ್ಲ ಎನ್ನಬೇಕಾದಲ್ಲಿ ಎಳೆದು ತಂದ ಅರ್ಥ ಯಾವುದು ಎಂಬುದು ಆಗ ಆ ಪುಟಗಳಲ್ಲೇ ಕಾಣುತ್ತದೆ.