ಒಂದೇ ತಂತ್ರಾಂಶ, ಹಲವು ಯುದ್ಧನೌಕೆಗಳು

ಪಿಯುಸಿ ವಿಜ್ಞಾನದಲ್ಲಿ ಪಿಸಿಎಂಬಿ ಮತ್ತು ಪಿಸಿಎಂಸಿ ಓದುವವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸಮಾನ. ನಾಲ್ಕನೆಯದು ಮಾತ್ರ ಜೀವಶಾಸ್ತ್ರ ಅಥವಾ ಕಂಪ್ಯೂಟರ್ ಸೈನ್ಸ್, ಎರಡನ್ನೂ ತೆಗೆದುಕೊಳ್ಳುವಂತಿಲ್ಲ. ‘ಪ್ರಾಡಕ್ಟ್ ಲೈನ್ ಎಂಜಿನಿಯರಿಂಗ್’ ಎಂಬುದು ನನಗೆ ಅರ್ಥವಾದದ್ದು ಈ ಉದಾಹರಣೆಯಿಂದಲೇ. ಎಲ್ಲಕ್ಕೂ ಸಮಾನವಾದ ಭಾಗ, ಆಯ್ಕೆಯ ಭಾಗ, ಆಯ್ಕೆಗೊಂದು ನಿಯಮ: ಇದೇ ಅದರ ತಿರುಳು.

ಯುದ್ಧನೌಕೆಗಳಲ್ಲಿ ಇದು ಹೇಗೆ ಬಳಕೆಗೆ ಬಂತು? 1980ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಕಂಪನಿಯೊಂದಕ್ಕೆ (ಮುಂದೆ ಇದರ ಹೆಸರು ಸೆಲ್ಸಿಯಸ್‌ಟೆಕ್) ಸ್ವೀಡನ್ ಮತ್ತು ಡೆನ್ಮಾರ್ಕ್ ನೌಕಾಪಡೆಗಳಿಂದ ಒಟ್ಟೊಟ್ಟಿಗೆ ಗುತ್ತಿಗೆ ಸಿಕ್ಕಿತು. ಹಡಗಿನ ರೇಡಾರ್, ಫಿರಂಗಿ, ಕ್ಷಿಪಣಿಗಳನ್ನು ಒಂದಾಗಿ ನಡೆಸುವ ತಂತ್ರಾಂಶವನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಬರೆದು ಮುಗಿಸುವುದು ಕಷ್ಟವಾಗಿತ್ತು. ಆದ್ದರಿಂದ ಕಂಪನಿಯು ‘ಶಿಪ್ ಸಿಸ್ಟಮ್ 2000’ ಎಂಬ ಒಂದೇ ಕುಟುಂಬವನ್ನು ಅಡಾ ಭಾಷೆಯಲ್ಲಿ ಕಟ್ಟಿತು. ಮೊದಲು ವ್ಯವಸ್ಥೆಯ ವೆಚ್ಚದಲ್ಲಿ ಶೇ. 65ರಷ್ಟು ತಂತ್ರಾಂಶಕ್ಕೇ ಹೋಗುತ್ತಿತ್ತು, ಅದು ಶೇ. 20ಕ್ಕೆ ಇಳಿಯಿತು. ಈಗ ಅಮೆರಿಕದ ನೌಕಾಪಡೆಯ ಏಜಿಸ್ ವ್ಯವಸ್ಥೆಗೂ ಇಂಥದೇ ಸಮಾನ ತಂತ್ರಾಂಶ ಭಂಡಾರವಿದೆ.

ಇದಕ್ಕೆ ಇಂದು ‘ಮಾದರಿ’ಯೂ ಸೇರಿದೆ. ಯಾವ ಹಡಗಿಗೆ ಯಾವ ರೇಡಾರ್, ಯಾವ ಕ್ಷಿಪಣಿ ಎಂಬ ಆಯ್ಕೆಗಳನ್ನು ಕಂಪ್ಯೂಟರ್ ಮಾದರಿಯಲ್ಲಿ ದಾಖಲಿಸುತ್ತಾರೆ. ‘ಈ ಕ್ಷಿಪಣಿ ಬೇಕಾದರೆ ಆ ರೇಡಾರ್ ಇರಲೇಬೇಕು’ ಎಂಬಂಥ ನಿಯಮಗಳೂ ಅದರಲ್ಲಿರುತ್ತವೆ. ಆಯ್ಕೆಗೆ ತಕ್ಕಂತೆ ವಿನ್ಯಾಸ, ಕೋಡ್, ಪರೀಕ್ಷೆ, ಕೈಪಿಡಿ ಎಲ್ಲವೂ ಒಂದೇ ಮೂಲದಿಂದ ಸಿದ್ಧವಾಗುತ್ತವೆ. ಹೊಂದಿಕೆಯಾಗದ ಆಯ್ಕೆಯಿದ್ದರೆ ಹಡಗು ಕಟ್ಟುವ ಮೊದಲೇ ಸಿಕ್ಕಿಬೀಳುತ್ತದೆ. ಈ ವಿಧಾನಕ್ಕೆ 2021ರಲ್ಲಿ ಐಎಸ್‌ಒ/ಐಇಸಿ 26580 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂದಿದೆ.

ನಿಯಮಗಳು ಏಕೆ ಬೇಕು? ಲೆಕ್ಕ ಹಾಕಿ ನೋಡಿ. ‘ಇದೆ–ಇಲ್ಲ’ ಎಂಬ 10 ಆಯ್ಕೆಗಳಿದ್ದರೆ 1,024 ಬಗೆಯ ಹಡಗುಗಳು ಸಾಧ್ಯ. ಅದೇ 20 ಆಯ್ಕೆಗಳಾದರೆ 10 ಲಕ್ಷಕ್ಕೂ ಹೆಚ್ಚು! ಎಲ್ಲವನ್ನೂ ಪರೀಕ್ಷಿಸುವುದು ಯಾರಿಂದಲೂ ಆಗದು. ನಿಯಮಗಳು ಬೇಡವಾದ ಜೋಡಣೆಗಳನ್ನು ಮೊದಲೇ ತೆಗೆದುಹಾಕುತ್ತವೆ.

ಈ ವಿಧಾನದಲ್ಲಿ ಅಪಾಯವೂ ಇದೆ. ಸಮಾನ ಭಾಗದ ತಪ್ಪನ್ನು ಒಮ್ಮೆ ತಿದ್ದಿದರೆ ಆ ತಿದ್ದುಪಡಿ ಎಲ್ಲ ಹಡಗುಗಳಿಗೂ ಸಿಗುತ್ತದೆ. ಆದರೆ ಆ ತಪ್ಪು ಕಣ್ಣಿಗೆ ಬೀಳದೆ ಉಳಿದರೆ ಅದೂ ಎಲ್ಲ ಹಡಗುಗಳಿಗೂ ಹೋಗುತ್ತದೆ. ಪ್ರತಿ ಹಡಗಿನಲ್ಲಿರುವ ನಾವಿಕರ ಜೀವ ಅದನ್ನು ನಂಬಿಕೊಂಡಿರುತ್ತದೆ. ಆದ್ದರಿಂದ, ನನ್ನ ಅಭಿಪ್ರಾಯದಲ್ಲಿ, ಸಮಾನ ಭಾಗವನ್ನು ಬರೆಯುವವರ ಹೊಣೆಯೇ ಎಲ್ಲಕ್ಕಿಂತ ದೊಡ್ಡದು. ಕಂಪ್ಯೂಟರ್ ಸೈನ್ಸ್ ಓದುವ ಗೆಳೆಯ ಗೆಳತಿಯರೇ, ಮುಂದೆ ನಿಮ್ಮ ಕೋಡ್ ಅನ್ನು ಎಷ್ಟು ಕಡೆ ಬಳಸುತ್ತಾರೋ, ಅಷ್ಟು ಹೆಚ್ಚು ಎಚ್ಚರದಿಂದ ಅದನ್ನು ಪರೀಕ್ಷಿಸಿರಿ.