ನನಗೆ ಅಂತ ಏನಿದೆ?

ಎಂಟೂಮುಕ್ಕಾಲಿಗೆ ಮಕ್ಕಳ ವ್ಯಾನ್ ಹೋಗುತ್ತದೆ, ಒಂಬತ್ತೂವರೆಗೆ ಇವರ ಸ್ಕೂಟರ್. ಆಮೇಲೆ ಮನೆಯಲ್ಲಿ ಉಳಿಯುವುದು ನಾನು, ಫ್ರಿಜ್ಜಿನ ಸದ್ದು, ಜತೆಗೊಂದು ಪ್ರಶ್ನೆ: ನನಗೆ ಅಂತ ಏನಿದೆ? ನಿಮಗೂ ಬಂದಿರುತ್ತದೆ. ಬಂದ ಕೂಡಲೇ ಎದ್ದು ಗ್ಯಾಸ್ ಕಟ್ಟೆಯನ್ನು ಇನ್ನೊಮ್ಮೆ ಒರೆಸಿರುತ್ತೀರಿ. ಮನುಷ್ಯರ ಸ್ವಭಾವವೇ ಹೀಗೆ ನೋಡಿ. ಪುರುಸೊತ್ತಿಲ್ಲ ಅಂತ ಗೊಣಗುತ್ತೇವೆ, ಪುರುಸೊತ್ತು ಸಿಕ್ಕಿದರೆ ಹೆದರುತ್ತೇವೆ!

ಕೊಕ್ಕರ್ಣೆಯಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಮಗ ಬೆಂಗಳೂರಿಗೆ ಕರಕೊಂಡು ಹೋದ. ಮೂರೇ ತಿಂಗಳಿಗೆ ವಾಪಸ್. ಸೊಸೆ ಜತೆ ಜಗಳವಾ ಅಂತ ಊರಿಗೆಲ್ಲ ಕುತೂಹಲ. ಜಗಳವೂ ಇಲ್ಲ, ಎಂತದೂ ಇಲ್ಲ. "ಅಲ್ಲಿ ನಂಗೆಂತ ಕೆಲ್ಸ ಇತ್ತ್ ಮಗಾ? ಉಂಬುದ್, ಟೀವಿ ಕಾಂಬುದ್, ಮನಿಕಂಬುದ್" ಅಂದರು.

ಬಂದವರೇ ಅಂಗಳದ ಬದಿಗೆ ಮಲ್ಲಿಗೆ ಗಿಡ ಹಾಕಿದರು. ಮೊದಲ ಮಳೆಗಾಲದಲ್ಲೇ ಬುಡದಲ್ಲಿ ನೀರು ನಿಂತು ಅರ್ಧ ಗಿಡ ಸತ್ತವು. "ನಾನು ದುಡ್ಡು ಕಳಿಸ್ತೇನಲ್ಲ, ಈ ವಯಸ್ಸಲ್ಲಿ ಯಾಕಮ್ಮ?" ಅಂತ ಮಗನ ಫೋನು. ಚಿಕ್ಕಮ್ಮ ಮಣ್ಣು ಏರಿಸಿ, ನೀರು ಹೋಗಲು ಕಣಿ ಮಾಡಿ ಮತ್ತೆ ಗಿಡ ಹಾಕಿದರು. ಈಗ ಬಿಸಿಲೇರುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರದಲ್ಲಿ ದಿನಾ ದರ ಕಟ್ಟುತ್ತಾರೆ. ಮದುವೆ ಸೀಸನ್ನಿನಲ್ಲಿ ಏರುತ್ತದೆ, ಮಳೆ ಬಂದರೆ ಹೂವೇ ಕಡಿಮೆ. ದುಡ್ಡಿಗಾಗಿ ಅಲ್ಲ ಅಲ್ವಾ ಚಿಕ್ಕಮ್ಮ ಅಂತ ನಾನು ದೊಡ್ಡ ಮಾತಾಡಿದೆ. "ದುಡ್ಡೂ ಬೇಕ್" ಅಂದರು. ಅಕ್ಕನ ಮನೆಗೆ ಹೋಗುವಾಗ ಬಸ್ ಚಾರ್ಜಿಗೆ ಯಾರನ್ನೂ ಕೇಳಬೇಕಾಗಿಲ್ಲವಂತೆ. ಸ್ವಾತಂತ್ರ್ಯದ ಬಗ್ಗೆ ಬಿ.ಎ.ಯಲ್ಲಿ ಮೂರು ವರ್ಷ ಓದಿದ್ದೆ, ಬಸ್ ಚಾರ್ಜಿನ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ.

ನಮ್ಮ ಕುಂದಾಪುರದವರೇ ಆದ ವೈದೇಹಿಯವರನ್ನು ನೋಡಿ. ಅವರ ನಿಜ ಹೆಸರು ಜಾನಕಿ. 'ಸುಧಾ'ಕ್ಕೆ ಕಥೆ ಕಳಿಸಿ, ಅದರಲ್ಲಿ ನಿಜ ಸಂಗತಿ ಇದೆಯೆಂದು ಅಂಜಿ, ಪ್ರಕಟಿಸಬೇಡಿ ಅಂದರಂತೆ. ಸಂಪಾದಕರು ಹೆಸರು ಬದಲಿಸಿ ಪ್ರಕಟಿಸಿಬಿಟ್ಟರು. ಹಾಗೆ ಬಂದದ್ದು 'ವೈದೇಹಿ'. ಸಂಸಾರ, ಇಬ್ಬರು ಹೆಣ್ಣುಮಕ್ಕಳು ಎಲ್ಲದರ ನಡುವೆಯೇ ಬರೆದರು. 2009ರಲ್ಲಿ 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕಥೆಗಳಲ್ಲಿ ಬರುವುದೂ ಅಡುಗೆಮನೆ, ಹಿತ್ತಿಲು, ಅಲ್ಲಿ ಪಿಸುಗುಟ್ಟುವ ಹೆಂಗಸರೇ. ನಾವು ಲೆಕ್ಕಕ್ಕಿಲ್ಲ ಅಂದುಕೊಂಡದ್ದೇ ಅವರಿಗೆ ಕಥೆಯಾಯಿತು.

ಆದರೆ ಒಂದು ಮಾತು. ನಮ್ಮ ಪಕ್ಕದ ಮನೆಯಾಕೆಯ ಅತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಆಕೆಗೆ ಹೋಗಿ "ಬದುಕಿಗೊಂದು ಗುರಿ ಇಟ್ಟುಕೊಳ್ಳಿ" ಅಂದರೆ ಬೈಸಿಕೊಳ್ಳಬೇಕಾದೀತು, ಬೈಯಲೂ ಬೇಕು. ಅವರಿಗೆ ಮೊದಲು ಬೇಕಾದದ್ದು ಗುರಿಯಲ್ಲ, ಸಂಜೆ ಒಂದು ಗಂಟೆ ಅತ್ತೆಯ ಹತ್ತಿರ ಕೂರುವ ಗಂಡನೋ ಮೈದುನನೋ. ಇದನ್ನು ಬಾಯಿ ಬಿಟ್ಟು ಕೇಳಿ. ಸೂಕ್ಷ್ಮವಾಗಿ ಹೇಳಿದರೆ ಗಂಡಸರಿಗೆ ಅರ್ಥವಾಗುವುದಿಲ್ಲ, ಇದು ನನ್ನ ಹನ್ನೆರಡು ವರ್ಷದ ಅನುಭವ.

ನಾನು ಹನ್ನೊಂದರಿಂದ ಹನ್ನೆರಡು ಬರೆಯಲು ಇಟ್ಟುಕೊಂಡಿದ್ದೇನೆ. ಆ ಹೊತ್ತಿಗೇ ಕುಕ್ಕರ್ ಕೂಗುತ್ತದೆ, ಆ ಹೊತ್ತಿಗೇ ನಾದಿನಿಗೆ ಮಾತಾಡಲು ನೆನಪಾಗುತ್ತದೆ. ಕೆಲವು ದಿನ ಎರಡೇ ಸಾಲು. ಚಿಕ್ಕಮ್ಮನ ಫೋನು ಮಾತ್ರ ಎತ್ತಿಕೊಳ್ಳುತ್ತೇನೆ. ಮೊದಲು ಅಟ್ಟೆಗೆ ಇವತ್ತು ಎಷ್ಟಾಯಿತು ಅಂತ ಹೇಳುತ್ತಾರೆ, ಮಗನ ಸುದ್ದಿ ಆಮೇಲೆ.