ಪಾದಚಾರಿಗಳಿರುವ ರಸ್ತೆಗಳಲ್ಲಿ ಸೈಕಲ್ ಸವಾರರು ಪಾಲಿಸಬೇಕಾದ ಕ್ರಮಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳಲ್ಲಿ ಸಂತೆ, ಶಾಲೆ, ಕಚೇರಿಗಳಿಗೆ ನಡೆದು ಹೋಗುವವರೂ ಸೈಕಲ್ ಸವಾರರೂ ಹೆಚ್ಚಾಗಿ ರಸ್ತೆಯ ಅಂಚನ್ನೇ ಬಳಸುತ್ತಾರೆ. ಸೈಕಲ್ಲಿಗೆ ನೋಂದಣಿಯಾಗಲೀ ಸವಾರರಿಗೆ ಚಾಲನಾ ಪರವಾನಗಿಯಾಗಲೀ ಬೇಕಿಲ್ಲ. ಆದುದರಿಂದ ಅವರಿಗೆ ಯಾವ ಕಾನೂನೂ ಅನ್ವಯಿಸದು ಎಂಬ ಭಾವನೆ ಕೆಲವರಲ್ಲಿದೆ. ಇದು ತಪ್ಪು ಗ್ರಹಿಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನ ಮೇರೆಗೆ, ಸಾರ್ವಜನಿಕ ರಸ್ತೆಯಲ್ಲಿ ಪ್ರಾಣಕ್ಕೆ ಅಪಾಯವಾಗುವಂತೆ ಯಾವುದೇ ವಾಹನವನ್ನು ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ನಡೆಸಿದವರಿಗೆ 6 ತಿಂಗಳವರೆಗೆ ಕಾರಾವಾಸ, 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಶಿಕ್ಷೆಗಿಂತಲೂ ಗಂಭೀರವಾದುದು ಪರಿಹಾರದ ವಿಷಯ. 1988ರ ಮೋಟಾರು ವಾಹನಗಳ ಕಾಯ್ದೆಯಂತೆ ಮೋಟಾರು ವಾಹನಗಳಿಗೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಸೈಕಲ್ಲಿಗೆ ಇಂತಹ ಕಡ್ಡಾಯವಿಲ್ಲ. ಸೈಕಲ್ ತಗುಲಿ ವೃದ್ಧೆಯೊಬ್ಬರ ಸೊಂಟದ ಮೂಳೆ ಮುರಿದಲ್ಲಿ ಪರಿಹಾರ ಕೇಳಲು ಸಾಮಾನ್ಯವಾಗಿ ವಿಮಾ ಕಂಪನಿಯೇ ಇರುವುದಿಲ್ಲ. ವೆಚ್ಚದ ಹೊರೆ ಎರಡು ಕುಟುಂಬಗಳ ನಡುವೆಯೇ ಉಳಿಯುತ್ತದೆ. ಸವಾರನು ಶಾಲಾ ಬಾಲಕನಾಗಿದ್ದರೆ ಅದು ಅವನ ತಂದೆ-ತಾಯಿಯರ ಮೇಲೆ ಬೀಳುತ್ತದೆ.

ಸೈಕಲ್ಲನ್ನು ಸದಾ ಎಡಬದಿಯಲ್ಲಿಯೇ ನಡೆಸತಕ್ಕದ್ದು. ಪಾದಚಾರಿ ಮಾರ್ಗವಿಲ್ಲದ ಕಡೆ ನಡೆಯುವವರು ಎದುರಿನ ವಾಹನಗಳು ಕಾಣುವಂತೆ ಬಲಬದಿಯಲ್ಲಿ ನಡೆಯುವುದು ಸುರಕ್ಷಿತ. ಇಬ್ಬರೂ ಹೀಗೆ ಸಾಗಿದಲ್ಲಿ ಪರಸ್ಪರರ ಮುಖ ಕಾಣುತ್ತದೆ. ರಸ್ತೆ ದಾಟುವ ಶ್ರಮ ಉಳಿಸಲೆಂದು ವಿರುದ್ಧ ದಿಕ್ಕಿನಲ್ಲಿ ಬರುವ ಸವಾರನಾದರೋ ನಡೆಯುವವರ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಬರುತ್ತಾನೆ.

ಹಿಂದಿನಿಂದ ದಾಟಲೇಬೇಕಾದಾಗ ದೂರದಿಂದಲೇ ಒಮ್ಮೆ ಗಂಟೆ ಬಾರಿಸಿ, ವೇಗ ತಗ್ಗಿಸಬೇಕು. ಹತ್ತಿರ ಬಂದು ಬಾರಿಸಿದರೆ ನಡೆಯುವವರು ಬೆಚ್ಚಿ ಸೈಕಲ್ಲಿನ ದಾರಿಗೇ ಸರಿಯುವ ಸಂಭವವಿದೆ. ಗಂಟೆ ಕೇಳಿಸದವರೂ ಇರುತ್ತಾರೆ. ಅವರು ಸರಿಯದಿದ್ದರೆ ಸಿಟ್ಟಾಗದೆ ಕಾಯತಕ್ಕದ್ದು.

ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಯ ದಿನಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರ ಪೈಕಿ ಹಲವರು ನಡೆದೇ ಬರುತ್ತಾರೆ. ತಲೆಯ ಮೇಲೆ ಜಗ ಹೊತ್ತವರು ಥಟ್ಟನೆ ಪಕ್ಕಕ್ಕೆ ಸರಿಯಲಾರರು. ಇಂತಹ ದಟ್ಟಣೆಯಲ್ಲಿಯೂ, ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದ ದಿನಗಳಲ್ಲಿಯೂ, ಸಂತೆಯ ದಿನ ಪೇಟೆಯಲ್ಲಿಯೂ ಇಳಿದು ಸೈಕಲ್ ತಳ್ಳಿಕೊಂಡು ಹೋಗುವುದೇ ಸೂಕ್ತ.

ಪಿಂಚಣಿ, ಪಹಣಿ ಮುಂತಾದ ಅರ್ಜಿಗಳಿಗಾಗಿ ಕಚೇರಿಗೆ ಬರುವವರು ಸೈಕಲ್ಲನ್ನು ಮೆಟ್ಟಿಲು ಹಾಗೂ ಇಳಿಜಾರು ದಾರಿಗೆ ಅಡ್ಡವಾಗಿ ನಿಲ್ಲಿಸಬಾರದು. ಕೋಲೂರಿ ಬರುವವರಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಬೇರೆ ದಾರಿ ಇರುವುದಿಲ್ಲ.

ಡಿಕ್ಕಿ ಸಂಭವಿಸಿದಲ್ಲಿ ಸವಾರನು ಸ್ಥಳದಿಂದ ತೆರಳದೆ ಗಾಯಾಳುವಿಗೆ ನೆರವಾಗತಕ್ಕದ್ದು. ಆಂಬುಲೆನ್ಸ್‌ಗಾಗಿ 108ಕ್ಕೂ, ಪೊಲೀಸ್ ನೆರವಿಗಾಗಿ 112ಕ್ಕೂ ಕರೆ ಮಾಡಬಹುದಾಗಿದೆ.